ಅವಾಂಟಿಯ ಅವಾಂತರ

ಸ್ಟುಡಿಬೇಕರ್ ಅವಾಂಟಿ ಎಂಬ ಹಳೆಯ ಅಮೆರಿಕನ್ ಕಾರನ್ನು ಕೊಳ್ಳಲು ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿರಿ. ನಾನು ಎರಡು ವಿಷಯಗಳಲ್ಲಿ ಮೋಸಹೋದೆ, ಮತ್ತು ಎರಡೂ ನನಗೆ ತಿಳಿದದ್ದು ಹಳೆಯ ಕಾರುಗಳ ಪ್ರದರ್ಶನದ ಅಂಗಳದಲ್ಲಿ, ನಾಲ್ಕು ಜನರ ಎದುರಿಗೆ.

ವಿನ್ಯಾಸಕಾರ ರೇಮಂಡ್ ಲೋವಿಯವರ ತಂಡ ರೂಪಿಸಿದ ಈ ಕಾರು 1962ರಲ್ಲಿ ಬೆಳಕಿಗೆ ಬಂತು. 1963ರ ಡಿಸೆಂಬರ್‌ನಲ್ಲಿ ಅಮೆರಿಕದ ಸೌತ್ ಬೆಂಡ್‌ನ ಕಾರ್ಖಾನೆಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಐದು ಸಾವಿರವೂ ಹೊರಬಂದಿರಲಿಲ್ಲ. ಮಾರುವವನು ಮೊದಲು ಹೇಳಿದ ಮಾತು, "ಇದರ ಮೈ ಫೈಬರ್‌ಗ್ಲಾಸ್, ತುಕ್ಕಿನ ಭಯವೇ ಇಲ್ಲ" ಎಂಬುದು. ಅದು ಅರ್ಧ ನಿಜ. ಮೈ ಫೈಬರ್‌ಗ್ಲಾಸ್ ಆದರೂ ಅದರ ಕೆಳಗಿನ ಚೌಕಟ್ಟು ಉಕ್ಕಿನದು, ಮತ್ತು ಬಾಗಿಲುಗಳ ಅಡಿಯಲ್ಲಿ ಎರಡೂ ಬದಿಗೆ ಉದ್ದಕ್ಕೆ ಸಾಗುವ, ಮೈಯ ಭಾರವನ್ನು ಹೊರುವ ತೆಳು ಉಕ್ಕಿನ ತೊಟ್ಟಿಗಳೂ ಇವೆ. ಸಂಗ್ರಾಹಕರು ಇವನ್ನು 'ಹಾಗ್ ಟ್ರಫ್' ಎನ್ನುತ್ತಾರೆ, ಅಂದರೆ ಹಂದಿಗೆ ಮೇವಿಡುವ ಬಾನಿ. ಹೆಸರು ಒರಟಾದರೂ ಒಪ್ಪುತ್ತದೆ, ಏಕೆಂದರೆ ಚಕ್ರ ಎರಚುವ ಕೆಸರು ನೀರೆಲ್ಲ ಅಲ್ಲಿಯೇ ಸೇರಿ ನಿಲ್ಲುತ್ತದೆ. ಅವು ಕೊಳೆತರೆ ಮೈಯ ನಡು ಕುಸಿಯುತ್ತದೆ. ನನ್ನ ಕಾರಿನ ಬಾಗಿಲನ್ನು ತುಸು ಎತ್ತಿ ಹಾಕಬೇಕಾಗುತ್ತಿತ್ತು. ಕೀಲು ಸವೆದಿರಬೇಕೆಂದು ನಾನೇ ನನಗೆ ಸಮಾಧಾನ ಹೇಳಿಕೊಂಡಿದ್ದೆ. ಪ್ರದರ್ಶನದಲ್ಲಿ ಪಕ್ಕದ ಅವಾಂಟಿಯ ಯಜಮಾನರು ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಹೊಸದಾಗಿ ಬಳಿದಿದ್ದ ಕಪ್ಪು ಲೇಪನವನ್ನು ಸ್ಕ್ರೂಡ್ರೈವರ್‌ನ ಹಿಡಿಯಿಂದ ಮೆಲ್ಲನೆ ತಟ್ಟಿದರು. ಉಕ್ಕಿನ ಸದ್ದು ಬರಲಿಲ್ಲ, ಹಪ್ಪಳದಂಥ ಚೂರುಗಳು ಉದುರಿದವು. ಕೊಳ್ಳುವ ಮೊದಲು ಕಾರನ್ನು ಜ್ಯಾಕ್‌ನಿಂದ ಎತ್ತಿ, ಬಾಗಿಲಿನ ಸಂದು ಬದಲಾಗುವುದೇ ಎಂದು ನೋಡಿದ್ದರೆ ಇದು ಅಂದೇ ತಿಳಿಯುತ್ತಿತ್ತು.

ಎರಡನೆಯದು ಇನ್ನೂ ನೋವಿನದು. ಕಾರ್ಖಾನೆಯೇ ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಅಳವಡಿಸಿದ ಆರ್2 ಎಂಬ ಎಂಜಿನ್ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೇ ನನ್ನಿಂದ ಪಡೆದಿದ್ದರು. ಪ್ರದರ್ಶನದ ತೀರ್ಪುಗಾರರು ಎಂಜಿನ್‌ನ ಸಂಖ್ಯೆಯನ್ನು ಓದಿ, ಇದು ಸಾಮಾನ್ಯ ಆರ್1, ಸೂಪರ್‌ಚಾರ್ಜರ್ ಆಮೇಲೆ ಯಾರೋ ಜೋಡಿಸಿದ್ದು ಎಂದು ಬರೆದುಕೊಂಡರು. ಅಂಕ ಹೋದದ್ದು ಸಣ್ಣ ಮಾತು. ಆರ್1ರ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನವನ್ನು ಎಷ್ಟು ಪಟ್ಟು ಒತ್ತುತ್ತದೆಂಬ ಲೆಕ್ಕ, 10.25ಕ್ಕೆ 1, ಆರ್2ರದು 9ಕ್ಕೆ 1. ಒತ್ತಿದ ಗಾಳಿಯನ್ನು ಒಳಗೆ ತುಂಬುವುದಕ್ಕಾಗಿಯೇ ಅದನ್ನು ಇಳಿಸಿದ್ದರು. ಇಳಿಸದ ಎಂಜಿನ್‌ಗೆ ಆ ಗಾಳಿಯನ್ನು ತುಂಬಿದರೆ ಇಂಧನ ಹದ ತಪ್ಪಿ ಸಿಡಿಯುತ್ತದೆ. ಏರಿನಲ್ಲಿ ಕೇಳುತ್ತಿದ್ದ ಟಿಕಟಿಕ ಸದ್ದನ್ನು ನಾನು ಬಲಶಾಲಿ ಎಂಜಿನ್‌ನ ಗತ್ತು ಎಂದು ಭಾವಿಸಿ, ಗೆಳೆಯರನ್ನು ಕೂರಿಸಿಕೊಂಡು ಕೇಳಿಸಿದ್ದೆ ಕೂಡ! ಬಿಚ್ಚಿ ನೋಡಿದಾಗ ಎರಡು ಪಿಸ್ಟನ್‌ಗಳ ಅಂಚು ಒಡೆದಿತ್ತು.

ಇಷ್ಟಕ್ಕೂ ನಿಜ ತಿಳಿಯುವುದು ಕಷ್ಟವಾಗಿರಲಿಲ್ಲ. ಸ್ಟುಡಿಬೇಕರ್ ಕಂಪನಿ ಹೋದರೂ ಅದರ ಕಾಗದಪತ್ರಗಳು ಉಳಿದಿವೆ. ಸೌತ್ ಬೆಂಡ್‌ನಲ್ಲಿರುವ ಸ್ಟುಡಿಬೇಕರ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕಾರಿನ ಕ್ರಮಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ, ಆ ಕಾರನ್ನು ಯಾವ ಎಂಜಿನ್, ಯಾವ ಬಣ್ಣದೊಂದಿಗೆ ಕಟ್ಟಿದರೆಂಬ ಉತ್ಪಾದನಾ ಆದೇಶದ ಪ್ರತಿ ಸಿಗುತ್ತದೆ. ನಾನು ಅದನ್ನು ತರಿಸಿದ್ದು ಪ್ರದರ್ಶನ ಮುಗಿದ ಮೇಲೆ. ಅದರಲ್ಲಿ ಆರ್1 ಎಂದಿತ್ತು, ಬಣ್ಣವೂ ಬೇರೆಯಾಗಿತ್ತು. ಮಾರಿದವನಿಗೆ ಪ್ರತಿಯನ್ನು ಕಳುಹಿಸಿದೆ. ಇದ್ದ ಸ್ಥಿತಿಯಲ್ಲಿಯೇ ಒಪ್ಪಿ ಕೊಂಡದ್ದೆಂದು ಪತ್ರದಲ್ಲಿ ನಾನೇ ಸಹಿ ಹಾಕಿದ್ದನ್ನು ಆತ ನೆನಪಿಸಿದ. ಅಂದಹಾಗೆ, ತಯಾರಿಕೆ ನಿಂತ ಮೇಲೆ ಇಬ್ಬರು ವಿತರಕರು ಷೆವರ್ಲೆ ಎಂಜಿನ್ ಹಾಕಿ 'ಅವಾಂಟಿ 2' ಎಂಬ ಹೆಸರಿನಲ್ಲಿ ಇದೇ ಕಾರನ್ನು ಮುಂದುವರಿಸಿದರು. ಒಳ್ಳೆಯ ಕಾರೇ, ಆದರೆ ಅದು ಸ್ಟುಡಿಬೇಕರ್ ಅಲ್ಲ.

ಈಗ ಕಾರು ಕಂಬಗಳ ಮೇಲೆ ನಿಂತಿದೆ. ಎಡಬದಿಯ ಹೊಸ ತೊಟ್ಟಿ ಕೂತಿದೆ, ಬಲಬದಿಯದು ಇನ್ನೂ ಹೊಂದಿಕೊಳ್ಳಬೇಕು. ಸೂಪರ್‌ಚಾರ್ಜರನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದನ್ನು ಕೊಳ್ಳುತ್ತೇವೆಂದು ಇಬ್ಬರು ಕೇಳಿದರು. ಮೊದಲು ನಿಮ್ಮ ಎಂಜಿನ್‌ನ ಸಂಖ್ಯೆಯನ್ನು ಕಳುಹಿಸಿ ಎಂದೆ. ಈವರೆಗೆ ಒಬ್ಬರೂ ಕಳುಹಿಸಿಲ್ಲ.