ಬ್ಯಾಟರಿ ಕಾರಾ, ಹೈಡ್ರೋಜನ್ ಕಾರಾ?

ಎರಡೂ ಓಡೋದು ಎಲೆಕ್ಟ್ರಿಕ್ ಮೋಟರ್ ಮೇಲೇನೇ, ವ್ಯತ್ಯಾಸ ಇರೋದು ಕರೆಂಟ್ ಎಲ್ಲಿಂದ ಬರುತ್ತೆ ಅನ್ನೋದ್ರಲ್ಲಿ. ಟೊಯೋಟಾ ಮಿರಾಯ್ ಥರ ಹೈಡ್ರೋಜನ್ ಕಾರಲ್ಲಿ 700 ಬಾರ್ ಒತ್ತಡದಲ್ಲಿ ಗ್ಯಾಸ್ ತುಂಬಿರ್ತಾರೆ, ಫ್ಯೂಯಲ್ ಸೆಲ್ ಒಳಗೆ ಅದು ಗಾಳೀಲಿರೋ ಆಕ್ಸಿಜನ್ ಜೊತೆ ಸೇರಿದಾಗ ಕರೆಂಟ್ ಹುಟ್ಟುತ್ತೆ, ಹಿಂದೆ ಪೈಪಿಂದ ತೊಟ್ಟಿಕ್ಕೋದು ಬರೀ ನೀರು, ನೋಡೋಕೆ ನಿಜಕ್ಕೂ ಖುಷಿ ಆಗುತ್ತೆ. ತುಂಬ್ಸೋಕೂ ಐದು ನಿಮಿಷ ಸಾಕು. ಆದ್ರೆ ಕರೆಂಟಿಂದ ಹೈಡ್ರೋಜನ್ ಮಾಡಿ, ಒತ್ತಿ ತುಂಬಿ, ಮತ್ತೆ ಕರೆಂಟ್ ಮಾಡೋಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಶಕ್ತಿ ಸೋರಿ ಹೋಗಿರುತ್ತೆ, ಬ್ಯಾಟರೀಲಾದ್ರೆ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಚಕ್ರಕ್ಕೇ ಸಿಗುತ್ತೆ. ನನಗೆ ಇದೇ ದೊಡ್ಡ ವಿಷಯ. ಬ್ಯಾಟರೀಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನೋ ಬಗೆ ನೋಡಿ, ತೂಕ ಜಾಸ್ತಿ, ಚಳೀಲಿ ಸ್ವಲ್ಪ ಸುಸ್ತು, ಆದ್ರೆ ಬಾಳಿಕೆ ಬರುತ್ತೆ. ರಾತ್ರಿ ಮನೇಲೇ ಚಾರ್ಜ್ ಹಾಕೋಕೆ ಜಾಗ ಇದ್ರೆ ಬ್ಯಾಟರಿನೇ ತಗೊಳ್ಳಿ. ಹೈಡ್ರೋಜನ್ ಬಂಕ್ ದಿನಾ ಓಡಾಡೋ ದಾರೀಲಿ ಇಲ್ಲಾಂದ್ರೆ ಆ ಕಾರು ಎಷ್ಟೇ ಚೆನ್ನಾಗಿದ್ರೂ ಶೆಡ್ಡಲ್ಲೇ ನಿಂತಿರುತ್ತೆ.