ಮಾರಿದ ಸ್ಕೂಟರ್ ಒಂದೂವರೆ ವರ್ಷದ ಮೇಲೆ ನನ್ನನ್ನು ಹುಡುಕಿಕೊಂಡು ಬಂತು

ಹಳೇ ಗಾಡಿ ಮಾರುವ ಯೋಚನೆ ಇದೆಯಾ? ಅಥವಾ ಯಾವತ್ತೋ ಮಾರಿ, "ತಗೊಂಡವನು ಹೆಸರು ಮಾಡಿಸ್ಕೊಂಡಿರ್ತಾನೆ ಬಿಡು" ಅಂತ ಕೂತಿದ್ದೀರಾ? ಹಾಗಿದ್ದರೆ ಇದನ್ನು ಓದಿ. ನಾನೂ ಹಾಗೇ ಕೂತಿದ್ದವನು.

2021ರ ನವೆಂಬರ್. ನನ್ನ ಸ್ಕೂಟರಿಗೆ ಒಂಬತ್ತು ವರ್ಷ ತುಂಬಿತ್ತು. ಸೆಲ್ಫ್ ಒತ್ತಿದರೆ ಏಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಿಕ್ಕರ್ ತುಳಿದು ತುಳಿದು ಮೊಣಕಾಲು ನೋವು. ಹೊಸ ಗಾಡಿ ಬುಕ್ ಮಾಡಿದ್ದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮುಂದೆ ಎರಡು ಗಾಡಿ ನಿಲ್ಲಿಸೋಕೆ ಜಾಗ ಎಲ್ಲಿ ಸಿಗುತ್ತೆ? ಮೇನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ಮಾಡುವ ಒಬ್ಬನನ್ನು ಕರೆಸಿದೆ. ಬಂದ, ಒಂದು ಸುತ್ತು ಹಾಕಿದ, ಹಿಂದಿನ ಟೈರಿಗೆ ಕಾಲಲ್ಲಿ ಒದ್ದು ನೋಡಿದ. "ಇಪ್ಪತ್ತು ಕೊಡ್ತೀನಿ ಸರ್" ಅಂದ. ಇಪ್ಪತ್ತೆರಡು ಸಾವಿರಕ್ಕೆ ಮುಗಿಯಿತು. ದುಡ್ಡು ಅಲ್ಲೇ ಫೋನಿಗೆ ಬಂತು.

ಸ್ಕೂಟರ್ ಸೀಟಿನ ಮೇಲೇ ಫಾರಂ ಹರಡಿದ. 29, 30ನೇ ನಂಬರಿನವು. ಹೆಸರು ವರ್ಗಾವಣೆಗೆ ಬೇಕಾದ ಫಾರಂಗಳು ಅವು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಕೊಳ್ಳುವವರ ಹೆಸರು, ವಿಳಾಸ, ತಾರೀಖು ಎಲ್ಲ ಖಾಲಿ.

"ಯಾರ ಹೆಸರು ಬರೀಬೇಕು ಇಲ್ಲಿ?" ಅಂತ ಕೇಳಿದೆ.

"ಪಾರ್ಟಿ ಸಿಕ್ಕಿದ ಮೇಲೆ ನಾವೇ ತುಂಬ್ಕೊಂಡು ಆರ್‌ಟಿಓಗೆ ಹಾಕ್ತೀವಿ ಸರ್. ನೀವು ತಲೆ ಕೆಡಿಸ್ಕೋಬೇಡಿ."

ನಾನು ನಿಜವಾಗಲೂ ತಲೆ ಕೆಡಿಸಿಕೊಳ್ಳಲಿಲ್ಲ. ಆಧಾರ್ ಕಾರ್ಡ್ ಜೆರಾಕ್ಸ್ ಕೊಟ್ಟೆ, ಆರ್‌ಸಿ ಕೊಟ್ಟೆ, ಕೀ ಕೊಟ್ಟೆ. ಅವನಿಂದ ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ. ಅಮ್ಮ ಹೊರಗೆ ಬಂದು, ಮುಂದುಗಡೆ ತಾನೇ ಅಂಟಿಸಿದ್ದ ಧರ್ಮಸ್ಥಳ ಮಂಜುನಾಥ ಸ್ವಾಮಿಯ ಸ್ಟಿಕ್ಕರ್ ಕಿತ್ತುಕೊಳ್ಳೋಕೆ ನೋಡಿದಳು. ಉಗುರಿಗೆ ಒಂದು ಮೂಲೆ ಮಾತ್ರ ಎದ್ದು ಬಂತು. "ಇರ್ಲಿ ಬಿಡು, ತಗೊಂಡೋರನ್ನೂ ಕಾಪಾಡ್ಲಿ" ಅಂದಳು.

ಮುಂದಿನ ವರ್ಷ ಮೊಬೈಲಿಗೆ ಒಂದು ಮೆಸೇಜ್ ಬಂತು. ಹೆಲ್ಮೆಟ್ ಇಲ್ಲದೆ ಓಡಿಸಿದ್ದಕ್ಕೆ ದಂಡ. ಯಾವುದೋ ಮೋಸದ ಮೆಸೇಜ್ ಇರಬೇಕು ಅಂತ ಅಳಿಸಿ ಹಾಕಿದೆ. (ಅಂಥ ಮೋಸವೂ ನಿಜವಾಗಲೂ ಇದೆ. ಚಲನ್ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದರೆ ಮುಟ್ಟಲೇಬೇಡಿ, ಬ್ಯಾಂಕ್ ಖಾತೆ ಖಾಲಿ ಆಗುತ್ತೆ. ಸರ್ಕಾರಿ ವೆಬ್‌ಸೈಟ್ ಅಥವಾ ಟ್ರಾಫಿಕ್ ಪೊಲೀಸರ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೀವೇ ನೋಡಿಕೊಳ್ಳಿ.) ಎರಡನೇದು ಬಂತು, ಮೂರನೇದು ಬಂತು. ಒಂದು ಭಾನುವಾರ ನಂಬರ್ ಹಾಕಿ ನೋಡಿದೆ. ಹದಿನೇಳು ಕೇಸ್! ಹೆಲ್ಮೆಟ್ ಇಲ್ಲ, ಹಿಂದೆ ಕೂತವನಿಗೂ ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ಟ್ರಿಪಲ್ ರೈಡಿಂಗ್, ಒನ್ ವೇನಲ್ಲಿ ಎದುರಿಗೆ ಬಂದಿದ್ದು. ಒಂದೊಂದಕ್ಕೆ 500 ರೂಪಾಯಿ. ಒಟ್ಟು 8,500.

ಫೋಟೋಗಳೂ ಇದ್ದವು. ಒಂದರಲ್ಲಿ ಮೂವರು ಹುಡುಗರು. ಕೊನೆಯವನು ಕೈ ಹಿಂದೆ ಚಾಚಿ ನಂಬರ್ ಪ್ಲೇಟ್ ಮುಚ್ಚಿದ್ದಾನೆ. ಕ್ಯಾಮೆರಾ ಇರುವುದು ಮುಂದೆ ಅಂತ ಪಾಪ ಅವನಿಗೆ ಗೊತ್ತಿಲ್ಲ. ಎಡಗಡೆ ಕನ್ನಡಿ ಇಲ್ಲ. ದೊಡ್ಡದು ಮಾಡಿ ನೋಡಿದರೆ ಮಂಜುನಾಥ ಸ್ವಾಮಿ, ಒಂದು ಮೂಲೆ ಎದ್ದುಕೊಂಡು, ಹಾಗೇ ಕೂತಿದ್ದಾನೆ.

ವ್ಯಾಪಾರಿಗೆ ಫೋನ್ ಮಾಡಿದೆ. "ಪಾರ್ಟಿಗೆ ಹೇಳ್ತೀನಿ ಸರ್" ಅಂದ. ಒಂದು ತಿಂಗಳು ಬಿಟ್ಟು ಮಾಡಿದೆ, ಮತ್ತೆ ಅದೇ ಮಾತು. ಆಮೇಲೆ ನಂಬರೇ ಸ್ವಿಚ್ ಆಫ್. ಅಂಗಡಿ ಹತ್ತಿರ ಹೋದರೆ ಅಲ್ಲೊಂದು ಜ್ಯೂಸ್ ಅಂಗಡಿ.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳ್ತೀನಿ. 2023ರ ಫೆಬ್ರವರಿಯಲ್ಲಿ ಸರ್ಕಾರ ಹಳೇ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತಲ್ಲ, ನೆನಪಿದೆಯಾ? 11ನೇ ತಾರೀಖಿನವರೆಗೆ. ಬೆಂಗಳೂರಿನಲ್ಲೇ 100 ಕೋಟಿಗೂ ಜಾಸ್ತಿ ವಸೂಲಾಯಿತು. ಅದರಲ್ಲಿ 4,250 ರೂಪಾಯಿ ನನ್ನದು! ನಾನು ಓಡಿಸದ ಗಾಡಿಗೆ, ನಾನು ಮಾಡದ ತಪ್ಪಿಗೆ ಕಟ್ಟಿ, ಶನಿ ತೊಲಗಿತು ಅಂತ ಖುಷಿಯಾಗಿ ಕಾಫಿ ಕುಡಿದೆ. ಆ ದಿನ ಆ ದುಡ್ಡು ಕಟ್ಟುವ ಬದಲು ಠಾಣೆಗೆ ಹೋಗಿ, "ಈ ಗಾಡಿ ನನ್ನ ಕೈಲಿಲ್ಲ, ಓಡಿಸುತ್ತಿರುವವರು ಯಾರೋ ಗೊತ್ತಿಲ್ಲ, ಫೋಟೋ ಇಲ್ಲಿದೆ" ಅಂತ ಒಂದು ಅರ್ಜಿ ಬರೆದು ಕೊಡಬೇಕಿತ್ತು. ಆರ್‌ಟಿಓಗೂ ಒಂದು ಪ್ರತಿ ಕೊಡಬೇಕಿತ್ತು. ನನ್ನ ಜೇಬು ಉಳಿದರೆ ಸಾಕು ಅನ್ನೋದೊಂದೇ ನನ್ನ ಲೆಕ್ಕ. ಆ ಮೂರು ಹುಡುಗರು ನಾಳೆ ಯಾರಿಗಾದರೂ ಗುದ್ದಿದರೆ ಅನ್ನೋ ಯೋಚನೆ, ದೇವರಾಣೆ, ಒಂದು ಸಲವೂ ಬರಲಿಲ್ಲ.

ಜೂನ್‌ನಲ್ಲಿ ಗುದ್ದಿದರು.

ಟ್ರಾಫಿಕ್ ಠಾಣೆಯಿಂದ ಫೋನ್. ಗಾಡಿ ನಂಬರ್ ಓದಿ, "ಇದು ನಿಮ್ದೇನಾ ಸರ್?" ಅಂದರು. ಮಾರಿದ್ದೀನಿ ಅಂದೆ. "ಎಲ್ರೂ ಹಂಗೇ ಹೇಳೋದು. ಸ್ಟೇಷನ್‌ಗೆ ಬನ್ನಿ." ಯು ಟರ್ನ್ ದೂರ ಆಗುತ್ತೆ ಅಂತ ಹುಡುಗ ರಾಂಗ್ ಸೈಡಿನಲ್ಲಿ ಬಂದಿದ್ದಾನೆ. ಎದುರಿಗೆ ಬಸ್ ಬಂದಾಗ ಫುಟ್‌ಪಾತ್ ಹತ್ತಿಸಿದ್ದಾನೆ. ಅಲ್ಲಿ ದೇವಸ್ಥಾನದ ಪಕ್ಕ ಹೂವು ಮಾರುತ್ತಾ ಕೂತಿದ್ದ ಅರವತ್ತು ದಾಟಿದ ಹೆಂಗಸಿಗೆ ಗುದ್ದಿ, ಗಾಡಿ ಬಿಟ್ಟು ಓಡಿಹೋಗಿದ್ದಾನೆ. ಆಕೆಯ ಸೊಂಟದ ಮೂಳೆ ಮುರಿದಿತ್ತು.

ಠಾಣೆಯ ಹಿಂದೆ, ತುಕ್ಕು ಹಿಡಿದ ಹತ್ತಾರು ಗಾಡಿಗಳ ಮಧ್ಯೆ ನನ್ನ ಸ್ಕೂಟರ್ ವಾಲಿಕೊಂಡು ನಿಂತಿತ್ತು. ಹೆಡ್ ಕಾನ್‌ಸ್ಟೇಬಲ್ ಸೀಟು ಎತ್ತಿ ಡಿಕ್ಕಿ ತೋರಿಸಿದರು. ಒಂದು ಕೊಳಕು ಬಟ್ಟೆ, ಒಂದು ಸ್ಪ್ಯಾನರ್, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದ. ಬಿಚ್ಚಿದರೆ 29, 30ನೇ ಫಾರಂಗಳು. ಕೆಳಗೆ ನನ್ನ ಸಹಿ. ಮೇಲೆ ಎಲ್ಲ ಖಾಲಿ. ನಾನು ಸೀಟಿನ ಮೇಲಿಟ್ಟು ಸಹಿ ಹಾಕಿದ ಕಾಗದ, ಅದೇ ಸೀಟಿನ ಕೆಳಗೆ ಒಂದೂವರೆ ವರ್ಷ ಊರೆಲ್ಲ ಸುತ್ತಿತ್ತು.

133 ನೋಟಿಸ್ ಕೈಗೆ ಕೊಟ್ಟರು. ಅಪಘಾತದ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು ಅಂತ ಮಾಲೀಕ ತಿಳಿಸಬೇಕು, ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ. ಮಾಲೀಕ ಅಂದರೆ ನಾನು! ನನ್ನ ಹತ್ತಿರ ಇದ್ದಿದ್ದು ದುಡ್ಡು ಬಂದ ಸ್ಕ್ರೀನ್‌ಶಾಟ್ ಒಂದೇ. ಆ ಸ್ಕ್ರೀನ್‌ಶಾಟ್ ಹಿಡಿದು ಪೊಲೀಸರೇ ವ್ಯಾಪಾರಿಯನ್ನು ಹುಡುಕಿದರು. ಅವನಿಂದ ಗಾಡಿ ಕೊಂಡಿದ್ದವರು ಪೇಂಟಿಂಗ್ ಕೆಲಸ ಮಾಡುವ ಒಬ್ಬರು. ಓಡಿಸಿದ್ದು ಅವರ ಮಗ. ಹದಿನೇಳು ವರ್ಷ.

ಆಮೇಲೆ ಲಾಯರ್ ಆಫೀಸು. ಲಾಯರ್ ಮೇಡಂ ಎಲ್ಲ ಕೇಳಿಸಿಕೊಂಡು, "ಇನ್ಶೂರೆನ್ಸ್ ಇತ್ತಾ?" ಅಂದರು. ಇರಲಿಲ್ಲ. 2022ರ ಮಾರ್ಚ್‌ಗೇ ಮುಗಿದಿತ್ತು. ಹೇಗೂ ಮಾರಿಯಾಯಿತಲ್ಲ ಅಂತ ನಾನು ಕಟ್ಟಿರಲಿಲ್ಲ, ಗಾಡಿ ತನ್ನ ಹೆಸರಲ್ಲೇ ಇಲ್ಲ ಅಂತ ಕೊಂಡವರೂ ಕಟ್ಟಿರಲಿಲ್ಲ. ಮೇಡಂ ಪೆನ್ನು ಕೆಳಗಿಟ್ಟರು. "ಹಂಗಾದ್ರೆ ಪರಿಹಾರ ನಿಮ್ಮ ಕೈಯಿಂದಲೇ ಬರ್ಬೇಕು ಸರ್."

ಕಾಯ್ದೆಯ ಕಣ್ಣಿಗೆ ಯಾರ ಹೆಸರಲ್ಲಿ ಗಾಡಿ ನೋಂದಣಿ ಆಗಿದೆಯೋ ಅವನೇ ಮಾಲೀಕ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಆ ಕಾರು ಒಬ್ಬರಿಂದ ಒಬ್ಬರಿಗೆ ಅಂತ ಹಲವು ಕೈ ದಾಟಿತ್ತು, ಹೆಸರು ಮಾತ್ರ ಮೊದಲನೆಯವರದ್ದೇ ಇತ್ತು. ಪರಿಹಾರದ ಹೊಣೆ ಆ ಮೊದಲನೆಯವರ ಮೇಲೇ ಬಿತ್ತು. ಮೊದಲು ಕೇಳಿದಾಗ ನನಗೆ ಇದು ಅನ್ಯಾಯ ಅನ್ನಿಸಿತು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಮುರಿದ ಸೊಂಟ ಇಟ್ಕೊಂಡು ಆಕೆ ನಿಮ್ಮ ಗಾಡಿ ಯಾರ್ಯಾರ ಕೈಗೆ ಹೋಗಿತ್ತು ಅಂತ ಹುಡುಕ್ಕೊಂಡು ಹೋಗ್ಬೇಕಾ ಸರ್?" ನನ್ನ ಹತ್ತಿರ ಉತ್ತರ ಇರಲಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದು ಇದ್ದಿದ್ದರೆ ಕಂಪನಿ ಮೊದಲು ಆಕೆಗೆ ದುಡ್ಡು ಕೊಟ್ಟು, ಆಮೇಲೆ ನಮ್ಮ ಜೊತೆ ಗುದ್ದಾಡುವ ದಾರಿಯಾದರೂ ಇತ್ತು. ಆ ಸ್ಕೂಟರಿಗೆ ಅದು ವರ್ಷಕ್ಕೆ ಒಂದು ಸಾವಿರ ರೂಪಾಯಿಯೂ ಆಗುತ್ತಿರಲಿಲ್ಲ.

ಆಕೆಯನ್ನು ನೋಡೋಕೆ ಹೋದೆ. ಹೋಗೋದು ಬೇಡ, ಕೇಸಿಗೆ ತೊಂದರೆ ಆಗುತ್ತೆ ಅಂತ ನೆಂಟರೆಲ್ಲ ಹೇಳಿದ್ದರು. ಒಂದೇ ರೂಮಿನ ಮನೆ. ಮಲಗಿದಲ್ಲೇ ಎದೆ ಮೇಲೆ ಬಟ್ಟೆ ಹಾಸಿಕೊಂಡು ಕನಕಾಂಬರ ಕಟ್ಟುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಕೂತು ಹೂವು ಎಣಿಸಿ ಕೊಡುತ್ತಿದ್ದಳು. "ನೀನೇನಪ್ಪಾ ಗಾಡಿ ಓನರ್ರು?" ಅಂದರು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. "ಹೌದಮ್ಮ" ಅಂದೆ. ಕೈಯಲ್ಲಿದ್ದ ದಾರ ನಿಲ್ಲಿಸದೆ, "ಕೂತ್ಕೋ, ನೀರು ಕುಡೀತೀಯಾ?" ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಲೋಕ ಅದಾಲತ್‌ನಲ್ಲಿ ಎರಡು ಲಕ್ಷಕ್ಕೆ ರಾಜಿ ಆಯಿತು. ಹುಡುಗನ ಅಪ್ಪ ಹೇಗೋ ನಲವತ್ತು ಸಾವಿರ ಹೊಂದಿಸಿದರು. ಉಳಿದ ಒಂದು ಲಕ್ಷದ ಅರವತ್ತು ಸಾವಿರ ನನ್ನದು. ಇಪ್ಪತ್ತೆರಡು ಸಾವಿರಕ್ಕೆ ಮಾರಿದ ಗಾಡಿ! ಮಗ ಅಪ್ರಾಪ್ತ ಅಂತ ಅಪ್ಪನ ಮೇಲೆ ಬೇರೆ ಕೇಸಾಗಿ 25,000 ದಂಡ ಬಿತ್ತು. ಈ ಸೆಕ್ಷನ್ 2019ರ ತಿದ್ದುಪಡಿಯಲ್ಲಿ ಬಂದಿದ್ದು. ಅದರಲ್ಲಿ ಪೋಷಕರು ಅಥವಾ ಗಾಡಿ ಮಾಲೀಕ ಅಂತ ಇದೆ, ಮೂರು ವರ್ಷದವರೆಗೆ ಜೈಲೂ ಇದೆ. ಗಾಡಿ ನನ್ನ ಕೈಲಿರಲಿಲ್ಲ ಅಂತ ಸಾಬೀತಾಗಿದ್ದಕ್ಕೆ ನಾನು ಅದರಿಂದ ಉಳಿದೆ.

ಹುಡುಗನ ಅಪ್ಪನ ಜೊತೆ ಕೋರ್ಟಿನ ಹೊರಗೆ ಒಮ್ಮೆ ಟೀ ಕುಡಿದೆ. ಯಾಕೆ ಹೆಸರು ಮಾಡಿಸಲಿಲ್ಲ ಅಂತ ಕೇಳಿದೆ. ಬ್ರೋಕರ್ ಮೂರು ಸಾವಿರ ಕೇಳಿದನಂತೆ, ಇನ್ಶೂರೆನ್ಸ್ ಕಟ್ಟಿಸಬೇಕು ಅಂದನಂತೆ, ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟರಂತೆ. ಫೈನ್ ಮೆಸೇಜುಗಳು ಅವರಿಗೆ ಬರುತ್ತಲೇ ಇರಲಿಲ್ಲ, ನನಗೆ ಬರುತ್ತಿದ್ದವು. ಮಗ ಬೀದಿಯಲ್ಲಿ ಹೇಗೆ ಓಡಿಸುತ್ತಾನೆ ಅಂತ ಹದಿನೇಳು ಸಲ ಫೋಟೋ ಸಮೇತ ಸುದ್ದಿ ಬಂದಿದ್ದು ಅಪ್ಪನಿಗಲ್ಲ, ಊರಾಚೆಯ ನನಗೆ. ನಾನು ದುಡ್ಡು ಕಟ್ಟಿ ಸುಮ್ನಾದೆ. ರಸ್ತೆಯಲ್ಲಿ ಎಷ್ಟು ಕ್ಯಾಮೆರಾ ಹಾಕಿದರೆ ಏನು ಬಂತು, ನಂಬರ್ ಒಬ್ಬನದು, ಹ್ಯಾಂಡಲ್ ಇನ್ನೊಬ್ಬನದು ಆದರೆ?

ಈಗ ಕೆಲಸದ ಮಾತು. ಗಾಡಿ ಮಾರಿದರೆ, ಕೊಂಡವರು ಇದೇ ರಾಜ್ಯದವರಾಗಿದ್ದರೆ, 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕಾದವರು ಮಾರಿದ ನೀವೇ. ಕೊಂಡವರಿಗೆ 30 ದಿನ. "ಅದು ಅವರ ಕೆಲಸ" ಅನ್ನೋದು ಅರ್ಧ ಸತ್ಯ ಅಷ್ಟೇ. ಖಾಲಿ ಫಾರಂಗೆ ಸಹಿ ಹಾಕಲೇಬೇಡಿ. ಕೊಳ್ಳುವವರ ಹೆಸರು, ವಿಳಾಸ, ತಾರೀಖು ನಿಮ್ಮ ಕಣ್ಣೆದುರೇ ತುಂಬಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಅವರ ಆಧಾರ್ ಮತ್ತು ಡಿಎಲ್ ಪ್ರತಿ ತೆಗೆದುಕೊಳ್ಳಿ. ಡಿಎಲ್ ಇಲ್ಲ ಅಂದರೆ ಓಡಿಸೋದು ಯಾರು ಅಂತ ಕೇಳಿ, ಸಂಕೋಚ ಬೇಡ. ಕೀ ಕೊಟ್ಟ ದಿನ ಮತ್ತು ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಕೋರ್ಟಿನಲ್ಲಿ ಹೊಣೆ ತಪ್ಪಿಸೋಕೆ ಈ ಕಾಗದ ಸಾಲದು, ಆದರೆ ಪೊಲೀಸರಿಗೆ ಉತ್ತರ ಕೊಡೋಕೆ ಬೇಕೇ ಬೇಕು. ಹೆಸರು ಬದಲಾಗುವ ತನಕ ಇನ್ಶೂರೆನ್ಸ್ ನಿಲ್ಲಿಸಬೇಡಿ. ಸಾಧ್ಯವಾದರೆ ಪೂರ್ತಿ ದುಡ್ಡು ತೆಗೆದುಕೊಳ್ಳದೆ, ಎರಡು ಮೂರು ಸಾವಿರ ಹೆಸರು ಬದಲಾದ ಮೇಲೆ ಅನ್ನಿ. ಇದು ನನ್ನ ಭಾವಮೈದುನ ಕಂಡುಹಿಡಿದ ಉಪಾಯ, ಹತ್ತೇ ದಿನದಲ್ಲಿ ಕೆಲಸ ಆಯಿತು.

ವ್ಯಾಪಾರಿಗೆ ಮಾರುವುದಾದರೆ ಇನ್ನೊಂದು. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳು ಆರ್‌ಟಿಓ ಅಧಿಕಾರ ಪತ್ರ ಪಡೆಯಬೇಕು ಅನ್ನೋ ನಿಯಮ ಇದೆ. ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು 29ಸಿ ಫಾರಂನಲ್ಲಿ ಸರ್ಕಾರದ ಪರಿವಾಹನ್ ವೆಬ್‌ಸೈಟಿಗೆ ಹಾಕಿದರೆ, ಅಲ್ಲಿಂದಾಚೆ ಹೊಣೆ ವ್ಯಾಪಾರಿಯದು. ಅಧಿಕಾರ ಪತ್ರ ತೋರಿಸಿ ಅಂತ ಕೇಳಿ. ಮುಖ ಕಿವಿಚಿದರೆ ಬೇರೆ ಅಂಗಡಿ ನೋಡಿ.

ಆಗಲೇ ಮಾರಿಬಿಟ್ಟಿದ್ದರೆ ಇವತ್ತೇ ಎಂ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತೆ, ಆದರೂ ನಿಮ್ಮ ಹೆಸರು ನಿಮಗೆ ಗೊತ್ತಾಗುತ್ತೆ ಅಲ್ವಾ?

ಇನ್ನು, ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಬೇರೆಯವರ ಹೆಸರಿನ ಗಾಡಿ ಓಡಿಸುತ್ತಾ ಇದ್ದರೆ, ಆರ್‌ಸಿಯಲ್ಲಿರುವ ಆ ಮನುಷ್ಯನನ್ನು ಹುಡುಕಿ ಒಂದು ಫೋನ್ ಮಾಡಿ. ಸಹಿ ಹಾಕೋಕೆ ಓಡಿ ಬರ್ತಾನೆ. ನಾನಂತೂ ಆಟೋ ಮಾಡಿಕೊಂಡು, ಆಟೋ ದುಡ್ಡೂ ನಾನೇ ಕೊಟ್ಟುಕೊಂಡು ಬರ್ತಿದ್ದೆ.