ನಾಲ್ಕು ಸ್ಪೈಡರ್‌ಮ್ಯಾನ್, ನಾಲ್ಕು ರಾತ್ರಿ, ಇಬ್ರು ಮಕ್ಳು

ದಸರಾ ರಜೆಗೆ ಅಕ್ಕನ ಮಗ ನಮ್ಮನೆಗೆ ಬಂದಿದ್ದ, ಅವನಿಗೆ 11 ವರ್ಷ, ನನ್ ಮಗಳಿಗೆ 8. ಇಬ್ರಿಗೂ ಸ್ಪೈಡರ್‌ಮ್ಯಾನ್ ಅಂದ್ರೆ ಸ್ಕೂಲ್ ಬ್ಯಾಗ್ ಮೇಲಿರೋ ಚಿತ್ರ ಅಷ್ಟೆ, ಒಂದು ಸಿನಿಮಾನೂ ಪೂರ್ತಿ ನೋಡಿಲ್ಲ. ನಾನು 2002ರಿಂದ ನೋಡ್ಕೊಂಡು ಬಂದವನು, ಹೊಸ ಹುಡುಗ್ರಿಗೋಸ್ಕರ ಅಂತ ಸ್ಟುಡಿಯೋದವ್ರು ಮತ್ತೆ ಮತ್ತೆ ಮೊದಲಿಂದ ಶುರು ಮಾಡ್ತಾರಲ್ಲ, ಅದ್ರಲ್ಲಿ ಯಾವ್ದು ನಿಜವಾಗ್ಲೂ ಮಕ್ಳಿಗೆ ಹಿಡಿಸುತ್ತೆ ನೋಡೇ ಬಿಡೋಣ ಅಂತ ನಾಲ್ಕು ರಾತ್ರಿ ನಾಲ್ಕು ಸಿನಿಮಾ ಹಾಕಿದೆ.

ಮೊದಲ್ನೇದು ಡೈರೆಕ್ಟರ್ ಸ್ಯಾಮ್ ರೈಮಿದು, 2002. ಟೋಬಿ ಮಗ್ವೈರ್‌ಗೆ ಆಗ್ಲೇ 26, ಸ್ಪೈಡರ್‌ಮ್ಯಾನ್ ಆಗೋ ಸ್ಕೂಲ್ ಹುಡುಗ ಪೀಟರ್‌ನ ಪಾರ್ಟು. ಅಕ್ಕನ ಮಗ ಮೊದಲ್ನೇ ಹತ್ತು ನಿಮಿಷದಲ್ಲೇ "ಮಾಮ, ಇವ್ನು ಅಂಕಲ್ ಥರ ಇದಾನೆ" ಅಂದ, ಆದ್ರೂ ಕಳ್ಳನ್ನ ಬೇಕಂತಲೇ ಬಿಟ್ಟು, ಅದೇ ಕಳ್ಳ ದೊಡ್ಡಪ್ಪ ಬೆನ್‌ನ ಸಾಯ್ಸಿದಾನೆ ಅಂತ ಗೊತ್ತಾಗೋ ಜಾಗಕ್ಕೆ ಬಂದಾಗ ಇಬ್ರೂ ಉಸಿರೇ ಎತ್ತಲಿಲ್ಲ. ತಪ್ಪು ಮಾಡಿದ್ಕೆ ಏನಾಯ್ತು ಅಂತ ಇಷ್ಟು ನೇರವಾಗಿ ಬೇರೆ ಯಾವ್ದ್ರಲ್ಲೂ ಇಲ್ಲ. ಒಂದೇ ತೊಂದರೆ, ವಿಲನ್ ಗ್ರೀನ್ ಗಾಬ್ಲಿನ್ ಎಸೆಯೋ ಬಾಂಬಿಗೆ ಮನುಷ್ಯರು ಕಣ್ಮುಂದೆನೇ ಅಸ್ಥಿಪಂಜರ ಆಗ್ತಾರೆ, ಮಗಳು ದಿಂಬಿನ ಹಿಂದೆ ಮುಖ ಇಟ್ಕೊಂಡವ್ಳು ಸುಮಾರು ಹೊತ್ತು ತೆಗೀಲೇ ಇಲ್ಲ. 8 ವರ್ಷದವ್ರಿಗೆ ನಾನಂತೂ ಬೇಡ ಅಂತೀನಿ.

2012ರ ಆಂಡ್ರ್ಯೂ ಗಾರ್‌ಫೀಲ್ಡ್‌ದು ನಮ್ಮನೇಲಿ ಕೊನೇ ಸ್ಥಾನ. ಹಿಂದಿನ ಸರಣಿಯ ನಾಲ್ಕನೇ ಭಾಗ ನಿಲ್ಸಿ ಮತ್ತೆ ಹೈಸ್ಕೂಲಿಂದ ಶುರು ಮಾಡಿದ್ರು, ಆದ್ರೆ ಜೇಡ ಕಚ್ಚೋದು, ಕಳ್ಳನ್ನ ಬಿಡೋದು, ಬೆನ್ ಸಾಯೋದು ಎಲ್ಲಾ ಹತ್ತು ವರ್ಷದ ಹಿಂದಿಂದೇ ಮತ್ತೊಂದ್ಸಲ, ಮೇಲೆ ಅಪ್ಪ ಅಮ್ಮನ ರಹಸ್ಯ ಬೇರೆ. ಹಿಂದಿನ ರಾತ್ರಿ ತಾನೆ ನೋಡಿದ್ವಲ್ಲ ಅಂತ ಮಗಳು ಎದ್ದು ಹೋದ್ಳು. ನಮ್ಮ ಇರ್ಫಾನ್ ಖಾನ್ ಇದಾರೆ ಅನ್ನೋದು ನನಗೆ ಖುಷಿ, ಮಕ್ಳಿಗೆ ಅದೆಲ್ಲ ಏನು ಗೊತ್ತು. ಆದ್ರೆ ಸೇತುವೆ ಸೀನ್ ಒಂದಿದೆ, ಉರಿಯೋ ಕಾರಲ್ಲಿ ಸಿಕ್ಕಾಕೊಂಡಿರೋ ಹುಡುಗಂಗೆ ಧೈರ್ಯ ಬರ್ಲಿ ಅಂತ ಪೀಟರ್ ತನ್ನ ಮುಖವಾಡನೇ ತೆಗೆದು ಕೊಡ್ತಾನೆ. ಅದನ್ನ ಅಕ್ಕನ ಮಗ ಎರಡು ಸಲ ಹಿಂದೆ ಹಾಕ್ಸಿದ.

2017ರ ಹೋಮ್‌ಕಮಿಂಗ್ ಮೇಲೆ ನನಗೆ ಅಂಥಾ ನಂಬಿಕೆ ಇರ್ಲಿಲ್ಲ, ಎಳೇ ಹುಡುಗನ್ನ ಹಾಕಿದ ತಕ್ಷಣ ಮಕ್ಳ ಸಿನಿಮಾ ಆಗ್ಬಿಡುತ್ತಾ ಅಂತ. ಟಾಮ್ ಹಾಲಂಡ್‌ಗೆ ರಿಲೀಸ್ ಟೈಮಲ್ಲಿ 21, ಪಾತ್ರಕ್ಕೆ 15. ಒಳ್ಳೆ ಕೆಲಸ ಅಂದ್ರೆ ಜೇಡ ಕಚ್ಚಿದ ಕಥೆ, ಬೆನ್ ಸಾವು ಎರಡನ್ನೂ ಮತ್ತೆ ತೋರ್ಸಲಿಲ್ಲ. ಆದ್ರೆ ಅದ್ರ ಬದಲು ಅವೆಂಜರ್ಸ್ ಅನ್ನೋ ಸೂಪರ್‌ಹೀರೋ ಗುಂಪಿನ ಸಿನಿಮಾ ಎಲ್ಲಾ ಗೊತ್ತಿರ್ಬೇಕು, ಶುರುನೇ ಅವ್ರ ನ್ಯೂಯಾರ್ಕ್ ಯುದ್ಧ ಮುಗಿದ ಮೇಲಿಂದ, ನಾನು ಸಿನಿಮಾ ನಿಲ್ಸಿ ನಿಲ್ಸಿ ಇವ್ರು ಯಾರು, ಆ ಕಬ್ಬಿಣದ ಸೂಟಿನವ್ರು ಯಾಕೆ ಇವ್ನಿಗೆ ಬೈತಾರೆ ಅಂತ ಕನ್ನಡದಲ್ಲಿ ಹೇಳ್ತಾನೇ ಇರ್ಬೇಕಾಯ್ತು. ಹೊಸಬ್ರಿಗೆ ಅಂತ ಮಾಡಿದ್ದು ಹಳಬ್ರಿಗೆ ಮಾತ್ರ ಅರ್ಥ ಆದ್ರೆ ಹೇಗೆ?

ಅಷ್ಟೆಲ್ಲಾ ಇದ್ರೂ ಕಟ್ಟಡ ಮೈಮೇಲೆ ಬೀಳೋ ಸೀನ್ ಬಂದಾಗ ಎಲ್ಲಾ ಮರೆತ್ವಿ. ಮನೇಲೇ ಹೊಲಿದ ಬಟ್ಟೆ, ಮೈತುಂಬಾ ಸಿಮೆಂಟ್ ಧೂಳು, ಎದುರು ನೀರಲ್ಲಿ ಅರ್ಧ ಮುಖ ಅರ್ಧ ಮುಖವಾಡ ಕಾಣುತ್ತೆ, ಯಾರಾದ್ರೂ ಬನ್ನಿ ಅಂತ ಕೂಗ್ತಾ ಅಳ್ತಾನೆ. ಅಕ್ಕನ ಮಗ ನನ್ನ ಪಂಚೆ ತುದಿನ ಬಿಗಿಯಾಗಿ ಹಿಡ್ಕೊಂಡಿದ್ದ, ಹಿಡ್ಕೊಂಡಿದೀನಿ ಅಂತ ಅವನಿಗೇ ಗೊತ್ತಿರ್ಲಿಲ್ಲ. ವಯಸ್ಸು ಕಮ್ಮಿ ಮಾಡಿದ್ದಕ್ಕೆ ಅರ್ಥ ಬಂದಿದ್ದು ಅಲ್ಲೇ, ಆ ಅಳು 26ರ ನಟನಿಗೆ ಒಪ್ತಾನೇ ಇರ್ಲಿಲ್ಲ.

ಕೊನೇ ರಾತ್ರಿ 2018ರ ಇನ್‌ಟು ದ ಸ್ಪೈಡರ್‌ವರ್ಸ್. ಇದು ಅನಿಮೇಷನ್, ಹೀರೋನೂ ಪೀಟರ್ ಅಲ್ಲ, ಬ್ರೂಕ್ಲಿನ್ ಹುಡುಗ ಮೈಲ್ಸ್, ಹಾಗಾಗಿ ರೀಬೂಟ್, ಅಂದ್ರೆ ಅದೇ ಕಥೆ ಮತ್ತೆ ಮೊದಲಿಂದ, ಅನ್ನೋಕಾಗಲ್ಲ, ಆದ್ರೆ ಗೊತ್ತಿಲ್ದಿರೋ ಮಗುಗೆ ಮೊದಲಿಂದ ಹೇಳೋ ಕೆಲಸ ಇದೇ ಚೆನ್ನಾಗಿ ಮಾಡುತ್ತೆ. ನನಗೆ ತುಂಬಾ ಇಷ್ಟ ಆಗೋದು ಕಾಡಿನ ಸೀನ್, ಅಲ್ಲಿ ಅನುಭವಸ್ಥ ಪೀಟರ್‌ನ ಚಲನೆಗೆ ಸೆಕೆಂಡಿಗೆ 24 ಚಿತ್ರ, ಮೈಲ್ಸ್‌ಗೆ 12 ಮಾತ್ರ, ಹಾಗಾಗಿ ಇವ್ನು ಸ್ವಲ್ಪ ತಡವರಿಸ್ದಂಗೆ ಕಾಣ್ತಾನೆ. ಇದ್ಯಾವ್ದೂ ನಾನು ಹೇಳಿರ್ಲಿಲ್ಲ, ಮಗಳು ತಾನಾಗೇ "ಅಪ್ಪಾ, ಇವ್ನಿಗಿನ್ನೂ ಬರಲ್ಲ ಅಲ್ವಾ" ಅಂದ್ಳು. ಮತ್ತೆ ಬಿಲ್ಡಿಂಗಿಂದ ಜಿಗಿಯೋದು, ಬೆರಳು ಇನ್ನೂ ಗಾಜಿಗೆ ಅಂಟ್ಕೊಂಡೇ ಇರುತ್ತೆ, ಜಿಗಿದಾಗ ಗಾಜೇ ಒಡ್ಕೊಂಡು ಜೊತೆಗೆ ಬರುತ್ತೆ. ಭಯ ಹೋದ್ಮೇಲೆ ಜಿಗಿದಿದ್ದಲ್ಲ, ಭಯ ಇಟ್ಕೊಂಡೇ ಜಿಗಿದ. ನಾಲ್ಕರಲ್ಲಿ ಮಗಳು ಕೂತ ಜಾಗ ಬಿಟ್ಟು ಏಳದೆ ನೋಡಿದ್ದು ಇದೊಂದೇ.

2023ರ ಅದರ ಮುಂದಿನ ಭಾಗ ಇಂಡಿಯಾದಲ್ಲಿ ಇಂಗ್ಲಿಷ್ ಸೇರಿ ಹತ್ತು ಭಾಷೇಲಿ ಬಂತು, ಕನ್ನಡನೂ ಇತ್ತು. 2002ರಲ್ಲಿ ನಮಗೆ ಅದು ಕನಸಲ್ಲೂ ಇರ್ಲಿಲ್ಲ. ಮಕ್ಳಿಗೆ ಅಂತ ನಿಜವಾಗ್ಲೂ ಮಾಡೋದಾದ್ರೆ ಹೀರೋ ವಯಸ್ಸು ಇಳಿಸೋದಕ್ಕಿಂತ ಇದು ಮುಖ್ಯ ಅನ್ಸುತ್ತೆ ನನಗೆ, 8 ವರ್ಷದವ್ಳು ಸಬ್‌ಟೈಟಲ್ ಓದ್ತಾ ಕೂತ್ರೆ ಚಿತ್ರ ಯಾವಾಗ ನೋಡ್ತಾಳೆ.

ನಿಮ್ಮನೇಲಿ ಚಿಕ್ಕವ್ರಿದ್ರೆ 2018ರದ್ದರಿಂದ ಶುರು ಮಾಡಿ, ಹತ್ತು ದಾಟಿದ್ರೆ 2002, ಅದಾದ್ಮೇಲೆ 2017. 2012ರದ್ದು ಬಿಟ್ರೂ ನಡೆಯುತ್ತೆ, ಆ ಸೇತುವೆ ಸೀನ್ ಮಾತ್ರ ಹಾಕಿ ತೋರ್ಸಿ. ನಾನು ಮುಂದಿನ ಶನಿವಾರ 2004ರ ಎರಡನೇ ಭಾಗ ಹಾಕ್ತೀನಿ, ಟ್ರೈನ್ ನಿಲ್ಸಿ ಪ್ರಜ್ಞೆ ತಪ್ಪಿ ಬೀಳೋ ಪೀಟರ್‌ನ ಜನ ಎಲ್ಲಾ ಕೈಮೇಲೆ ಎತ್ಕೊಂಡು ಹೋಗ್ತಾರಲ್ಲ, ಅದನ್ನ ಇವ್ರಿಬ್ರೂ ನೋಡೋವಾಗ ಪಕ್ಕದಲ್ಲಿ ಕೂರ್ಬೇಕು.